ಮೈಕಕ್ಕ ಮರೆತ ಮಾತು

ವಾದ್ಯದಂಗಡಿಗೆ ಬಂದವರು ಮೊದಲು ವಾದ್ಯ ಮುಟ್ಟಿ ನೋಡುತ್ತಾರೆ. ಮೈಕಕ್ಕ ಹಾಗಲ್ಲ. ಬಂದವಳೇ ಕೈಚೀಲದಿಂದ ಒಂದು ದಾರ ತೆಗೆದು, ಗಾಜಿನ ಮೇಜಿನ ಮೇಲೆ ಸಾಲಾಗಿಟ್ಟಿದ್ದ ಕೀಬೋರ್ಡುಗಳ ಉದ್ದ ಅಳೆಯತೊಡಗಿದಳು. ದಾರಕ್ಕೆ ಎರಡು ಗಂಟು ಹಾಕಿದ್ದಳು. ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಕೋಣೆಯಲ್ಲಿ ವೇಳಾಪಟ್ಟಿಯ ಪುಸ್ತಕಕ್ಕೂ ಹಳೆಯ ಕಂಪ್ಯೂಟರಿಗೂ ನಡುವೆ ಅವಳ ಪಾಲಿಗೆ ಉಳಿದ ಜಾಗ ಎಷ್ಟೋ, ಆ ಎರಡು ಗಂಟುಗಳ ನಡುವಿನ ದೂರವೂ ಅಷ್ಟೇ: ಒಂದೂವರೆ ಗೇಣು.

"ಏನು ನುಡಿಸ್ತೀರಮ್ಮಾ?" ಅಂಗಡಿಯವನು ಕೇಳಿದ.

"ನುಡಿಸೋದಕ್ಕಲ್ಲಪ್ಪ. ಮಾತಾಡೋದಕ್ಕೆ."

ಅಂಗಡಿಯವನು ಅವಳ ಜೊತೆಗೆ ಬಂದಿದ್ದ ಮೈದುನನ ಮುಖ ನೋಡಿದ. ಮೈದುನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು, ಆ ಅಂಗಡಿಗೆ ಹಳೆಯ ಗಿರಾಕಿ. ಅತ್ತಿಗೆ ದರ್ಜಿಯ ಹಾಗೆ ವಾದ್ಯಗಳಿಗೆ ಅಳತೆ ಹಿಡಿಯುವುದನ್ನು ಕಂಡು ಅವನಿಗೆ ಅರ್ಧ ನಾಚಿಕೆ, ಅರ್ಧ ನಗು.

"ಅತ್ತಿಗೆ, ತಗೊಳ್ಳೋದು ತಗೊಳ್ತೀರಿ, ನಲವತ್ತೊಂಬತ್ತು ಕೀ ಇರೋದು ತಗೊಳ್ಳಿ. ಇಪ್ಪತ್ತೈದು ಯಾವ ಮೂಲೆಗೂ ಸಾಲಲ್ಲ."

"ಅದನ್ನಿಟ್ರೆ ನಾನು ಮೇಜಿನ ಕೆಳಗೆ ಕೂರ್ಬೇಕಾಗುತ್ತೆ. ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು ಕಣೋ."

ಕಂಪ್ಯೂಟರಿಗೆ ಜೋಡಿಸಿ ಬಳಸುವ, ಇಪ್ಪತ್ತೈದು ಕೀಗಳ ಪುಟ್ಟ ಮಿಡಿ ಕೀಬೋರ್ಡುಗಳು ಮೂರಿದ್ದವು. ಮೈಕಕ್ಕ ಕಣ್ಣು ಮುಚ್ಚಿಕೊಂಡು ಒಂದೊಂದರ ಮೇಲೂ ಬೆರಳಾಡಿಸಿದಳು. ಕೆಲಸದಲ್ಲಿದ್ದಾಗ ಅವಳ ಕಣ್ಣು ಇರಬೇಕಾದದ್ದು ಕಿಟಕಿಯಾಚೆಯ ಪ್ಲಾಟ್‌ಫಾರ್ಮುಗಳ ಮೇಲೆ. ಕೈಗೆ ಕಣ್ಣಿನ ಸಹಾಯ ಸಿಗುವುದಿಲ್ಲ. ಮೊದಲನೆಯದರಲ್ಲಿ ಕಪ್ಪು ಕೀಗಳು ಉಬ್ಬಿರಲೇ ಇಲ್ಲ, ಬೆರಳಿಗೆ ದಾರಿ ತಪ್ಪಿತು. ಎರಡನೆಯದು ಒತ್ತಿದಾಗಲೆಲ್ಲ ಟಕ್ ಎನ್ನುತ್ತಿತ್ತು. "ನಾನು ಮಾತಾಡೋವಾಗ ಹಲ್ಲು ಕಡಿದ ಹಾಗೆ ಕೇಳಿಸ್ಬಾರ್ದು" ಎಂದು ಅದನ್ನೂ ಪಕ್ಕಕ್ಕೆ ಸರಿಸಿದಳು. ಮೂರನೆಯದು ಮೆತ್ತಗಿತ್ತು, ಎರಡು ಕಪ್ಪು, ಮೂರು ಕಪ್ಪು ಎಂದು ಬೆರಳೇ ಎಣಿಸಿಕೊಳ್ಳುತ್ತಿತ್ತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳುತ್ತದೆ ಎಂದು ಅಂಗಡಿಯವನು ಹೇಳಿದ. ಮೈಕಕ್ಕ ಕಣ್ಣು ತೆರೆದಳು.

"ಹಾಗಾದ್ರೆ ಬೈಯೋದಕ್ಕೂ ಆಗುತ್ತೆ ಅನ್ನಿ. ಇದನ್ನೇ ಕಟ್ಟಿ."

ಅವಳ ಧ್ವನಿ ಅಷ್ಟೊತ್ತಿಗಾಗಲೇ ಒಡೆದ ಬಿದಿರಿನಂತಾಗಿತ್ತು. ಇಪ್ಪತ್ತಾರು ವರ್ಷ ಅದೇ ಧ್ವನಿ ನಿಲ್ದಾಣದ ಆರು ಪ್ಲಾಟ್‌ಫಾರ್ಮುಗಳನ್ನು ಆಳಿತ್ತು. ಮೈಕಕ್ಕ ಎಂದು ಹೆಸರಿಟ್ಟವರು ಡ್ರೈವರುಗಳು. ಈಗ ಗಂಡನ ಕಡೆಯವರೂ ಹಾಗೇ ಕರೆಯುತ್ತಾರೆ. ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದ ಮೇಲೆ ಪಿಸುಮಾತೂ ಹೊರಡದು ಎಂದು ಡಾಕ್ಟರು ಹೇಳಿ, ಹದಿನೆಂಟು ದಿನ ಆಚೆಗೆ ದಿನ ಗೊತ್ತುಮಾಡಿದ್ದರು. ಆ ದಿನ ಗೊತ್ತಾದ ಮರುದಿನವೇ ನಿಲ್ದಾಣದ ಮ್ಯಾನೇಜರು ಅವಳ ಕೋಣೆಗೆ ಬಂದು, ಕುರ್ಚಿ ಎಳೆದುಕೊಂಡು, ಬೆಣ್ಣೆಯಿಂದ ಕೂದಲು ತೆಗೆದಂತೆ ನಯವಾಗಿ ಮಾತು ತೆಗೆದಿದ್ದ: ವಾಪಸು ಬಂದಾಗ ಸಾಮಾನು ಕೊಠಡಿಗೆ ಹೋಗಿಬಿಡಿ, ಕಳೆದುಹೋದ ಕೊಡೆ, ಚೀಲ ನೋಡಿಕೊಂಡಿದ್ದರಾಯಿತು, ಇಲ್ಲಿಗೆ ತಾನಾಗಿ ಮಾತಾಡುವ ಮೆಷಿನ್ ತರಿಸುತ್ತೇವೆ.

ಅವನಿಗೆ ಮೆಷಿನ್ನಿನ ಮೇಲೆ ಅಷ್ಟು ಪ್ರೀತಿ ಯಾಕೆಂದು ಮೈಕಕ್ಕನಿಗೆ ಗೊತ್ತಿತ್ತು. ಯಾರಾದರೂ ಗಂಟು ಮೂಟೆ ಹೊತ್ತು ಓಡೋಡಿ ಬರುವುದು ಕಿಟಕಿಯಿಂದ ಕಂಡರೆ ಅವಳು ಮೈಕಿನಲ್ಲಿ, "ಓಡಬೇಡಿ, ಬಸ್ ನಿಂತಿರುತ್ತೆ" ಎನ್ನುವಳು. ಆ ಮಾತು ಯಾವ ನಿಯಮದಲ್ಲೂ ಇಲ್ಲ. ಆದರೆ ಡ್ರೈವರುಗಳು ಅದನ್ನು ಕೇಳಿದರೆ ಗೇರು ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಹಿಂದೊಮ್ಮೆ ಮುದುಕರೊಬ್ಬರು ಓಡಿ, ಜಾರಿ, ಹಿಂದಿನ ಚಕ್ರದ ಹತ್ತಿರ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಶುರುವಾದ ಮಾತು ಅದು. ಮ್ಯಾನೇಜರಿಗೆ ಕಾಣುತ್ತಿದ್ದದ್ದು ಮಾತ್ರ ಎರಡು ನಿಮಿಷದ ತಡ.

ಮೈದುನ ಮೊದಲು ಫೋನು ತೋರಿಸಿದ್ದ. ಬರೆದರೆ ಅದೇ ಓದುತ್ತದೆ. ಮೈಕಕ್ಕ ಕೇಳಿ ನೋಡಿದಳು. "ಯಾರ ಮನೆ ಹುಡುಗಿಯೋ ಪಾಪ, ನಿದ್ದೆಗಣ್ಣಲ್ಲಿ ಓದ್ತಿದಾಳೆ. ನನ್ನ ಬಾಯಲ್ಲಿ ಅವಳ್ಯಾಕೆ ಮಾತಾಡ್ಬೇಕು? ನಾನಿನ್ನೂ ಸತ್ತಿಲ್ಲ" ಎಂದಿದ್ದಳು. ಆಮೇಲೆಯೇ ಅವನಿಗೆ ಈ ಉಪಾಯ ಹೊಳೆದದ್ದು. ಆರ್ಕೆಸ್ಟ್ರಾದಲ್ಲಿ ತಾನು ಒಂದು ಕೀಗೆ ಗಂಟೆಯ ಸದ್ದು, ಇನ್ನೊಂದಕ್ಕೆ ಚಪ್ಪಾಳೆಯ ಸದ್ದು ಕಟ್ಟಿಕೊಳ್ಳುವುದಿಲ್ಲವೇ? ಹಾಗೆಯೇ ಅತ್ತಿಗೆಯ ಮಾತುಗಳನ್ನೇ ಕಟ್ಟಿದರಾಯಿತು.

ಮನೆಗೆ ತಂದು, ವೈರು ಚುಚ್ಚಿ ಒತ್ತಿದರೆ ತುಟಿಪಿಟಿಕ್ಕೆನ್ನಲಿಲ್ಲ. ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ಕಣ್ಣಿನ ಮಸೂರ ತೆಗೆದು ಇಣುಕಿದ.

"ಏನಿದು, ಮೂಗೀನ ಕಟ್ಕೊಂಡು ಬಂದಿದೀರಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಇದಕ್ಕೆ ಸ್ವಂತ ಧ್ವನಿ ಇರಲ್ಲಣ್ಣ," ಮೈದುನ ಅವಸರವಾಗಿ ಹೇಳಿದ. "ಯಾವ ಕೀ, ಎಷ್ಟು ಜೋರು, ಅಷ್ಟನ್ನ ಕಂಪ್ಯೂಟರಿಗೆ ಹೇಳುತ್ತೆ. ಧ್ವನಿ ನಾವು ಒಳಗೆ ತುಂಬಬೇಕು."

"ಹಾಗಾದ್ರೆ ಇದು ನಮ್ಮ ಬಳಗದ್ದೇ," ಎಂದಳು ಮೈಕಕ್ಕ. ಗಂಡನ ಮುಖ ನೋಡಿ ನಕ್ಕಳು. ಅವನಿಗೆ ನಗಲಾಗಲಿಲ್ಲ.

ಧ್ವನಿ ತುಂಬುವ ಕೆಲಸ ಮರುದಿನ ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ಸದ್ದು ಮಾರ್ದನಿಸದಿರಲೆಂದು ಕಂಬಳಿಗಳನ್ನು ಇಳಿಬಿಟ್ಟ ಬೀರುವಿನ ಮುಂದೆ ಕುಳಿತು ಮೈಕಕ್ಕ, "ಪ್ರಯಾಣಿಕರ ಗಮನಕ್ಕೆ" ಎಂದಳು. ರೆಕಾರ್ಡ್ ಆದದ್ದನ್ನು ಮತ್ತೆ ಕೇಳಿದರೆ ಮಾತಿನ ಹಿಂದೆ ಮೂವತ್ತೇಳು ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಗಂಡ ಎದ್ದ. ಸ್ಟೂಲು ಹಾಕಿಕೊಂಡು ಗೋಡೆಯಿಂದ ಗೋಡೆಗೆ ಹೋಗಿ ಒಂದೊಂದನ್ನೇ ನಿಲ್ಲಿಸಿದ. ಗಿರಾಕಿಗಳ ಗಡಿಯಾರ ನಿಂತರೆ ಅವನಿಗೆ ಜೀವ ನಿಂತ ಹಾಗೆ. ಅಂಥವನು ಹದಿಮೂರು ದಿನ, ದಿನಾ ಎರಡಕ್ಕೆ ಎಲ್ಲವನ್ನೂ ನಿಲ್ಲಿಸಿ, ನಾಲ್ಕಕ್ಕೆ ಮತ್ತೆ ಎಲ್ಲವನ್ನೂ ಸರಿಯಾದ ಸಮಯಕ್ಕೆ ಕೂರಿಸಿದ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವನು ಹೆಂಡತಿಗೆ ಹೇಳಿದ ಪ್ರೀತಿಯ ಮಾತು ಯಾವುದೂ ಆ ಸ್ಟೂಲಿಗೆ ಸಮವಲ್ಲ, ಹೇಳಿದ್ದಾದರೂ ಎಷ್ಟು ಬಿಡಿ.

ಜೋಡಿಸುವಾಗ ಮೈದುನನ ಮಾನ ಹೋಯಿತು. ಮೊದಲ ಸಲ ಅವನು "ಓಡಬೇಡಿ" ಎಂಬ ಒಂದೇ ಮಾತನ್ನು ಕಟ್ಟಿ ಕೊಟ್ಟರೆ, ಅದು ಎಲ್ಲ ಕೀಗಳಿಗೂ ಹರಡಿಕೊಂಡಿತ್ತು. ಬಲಗಡೆ ಒತ್ತಿದರೆ ಇಲಿಯ ದನಿ, ಎಡಗಡೆ ಒತ್ತಿದರೆ ಎಮ್ಮೆಯ ದನಿ. ಮೈಕಕ್ಕ ಇಲಿಯಿಂದ ಎಮ್ಮೆಯವರೆಗೆ ಬೆರಳೆಳೆದಳು. ಡಾಕ್ಟರು ದಿನ ಗೊತ್ತುಮಾಡಿದ ಮೇಲೆ ಗಂಡ ಮೊದಲ ಬಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದನ್ನು ಸರಿಪಡಿಸಿದರೆ, ಬೆರಳೆತ್ತಿದ ಕೂಡಲೇ ಮಾತು ತುಂಡಾಗಿ "ಪ್ಲಾಟ್‌ಫಾ" ಎಂದು ನಿಲ್ಲುತ್ತಿತ್ತು. ಒಂದು ಸಲ ಮುಟ್ಟಿದರೆ ಪೂರ್ತಿ ಮಾತು ಮುಗಿಯುವ ಹಾಗೆ ಮಾಡಲು ಗುರುತು ಹಾಕಬೇಕಾದ ಚೌಕ ಕಂಪ್ಯೂಟರಿನ ಪರದೆಯ ಮೂಲೆಯಲ್ಲೆಲ್ಲೋ ಅಡಗಿತ್ತು. ಹುಡುಕಲು ಒಂದು ದಿನ ಹಿಡಿಯಿತು.

ಬದಿಯಲ್ಲೊಂದು ಪುಟ್ಟ ಗುಂಡಿ. ಅದನ್ನು ಎರಡು ಸಲ ಒತ್ತಿದರೆ ಅದೇ ಕೀಗಳು ಬೇರೆ ಮಾತಾಡುತ್ತವೆ. ಹಾಗಾಗಿ ಕೆಳಗಿನ ಸಾಲು ನಿಲ್ದಾಣಕ್ಕೆ, ಮೇಲಿನ ಸಾಲು ಮನೆಗೆ ಎಂದಾಯಿತು. ಆದರೆ ಒಂದು ಮಾತು ಮಾತ್ರ ಎರಡು ಸಾಲಿಗೂ ಸೇರಿದ್ದು: ನಿಲ್ದಾಣದ ಸಾಲಿನ ಬಲತುದಿಯ ಕೀಯಲ್ಲಿರುವುದೇ ಮನೆಯ ಸಾಲಿನ ಎಡತುದಿಯ ಕೀಗೂ ಬರುತ್ತಿತ್ತು.

"ಒಟ್ಟು ನಲವತ್ತೊಂಬತ್ತು ಮಾತು, ಅತ್ತಿಗೆ."

"ನೀನು ಕೇಳಿದಷ್ಟೇ ಆಯ್ತಲ್ಲೋ. ಆ ಎರಡೂ ಕಡೆ ಬರೋ ಜಾಗಕ್ಕೆ 'ಓಡಬೇಡಿ, ಬಸ್ ನಿಂತಿರುತ್ತೆ' ಹಾಕು. ಯಾವ ಕಡೆ ಕೈ ತಪ್ಪಿದ್ರೂ ಅದೊಂದು ಕೈಗೆ ಸಿಗ್ಬೇಕು."

ನಿಲ್ದಾಣಕ್ಕೆ ಆರು ಪ್ಲಾಟ್‌ಫಾರ್ಮುಗಳು, ಬಂದರು, ಆಸ್ಪತ್ರೆ, ಸಕ್ಕರೆ ಕಾರ್ಖಾನೆ ಮುಂತಾದ ಊರುಕೇರಿಗಳು, "ಹೊರಡಲು ಸಿದ್ಧವಾಗಿದೆ", "ತಡವಾಗಿ ಬರಲಿದೆ", "ಇವತ್ತು ಇಲ್ಲ". ಮನೆಗೆ "ಹೌದು", "ಹಸಿವು", "ಬಾಗಿಲು ಹಾಕಿ", ಮೂರು ನಮೂನೆಯ "ಆಯ್ತು". ಕೊನೆಯ ದಿನ ಗಂಡ ಸ್ಟೂಲಿನಿಂದ ಇಳಿಯುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ:

"ನನ್ನ ಕರೆಯೋದು ಹೇಗೆ?"

ಮೈಕಕ್ಕ "ರೀ" ಎಂದು ಮೂರು ಸಲ ರೆಕಾರ್ಡ್ ಮಾಡಿದಳು. ಒಂದು ಚಹಾ ಬೇಕಾದಾಗ, ಒಂದು ಸಿಟ್ಟು ಬಂದಾಗ. ಮೂರನೆಯದು ಏನೂ ಬೇಡದಿದ್ದಾಗ ಸುಮ್ಮನೆ ಕರೆಯುವ "ರೀ". ಅದನ್ನು ಹೇಳುವಾಗ ಮಾತ್ರ ಒಡಕು ಧ್ವನಿ ಸ್ವಲ್ಪ ನಡುಗಿತು. ಅದನ್ನು ಹಾಗೇ ಇಟ್ಟುಕೊಂಡರು.

ಆಪರೇಷನ್ ಆಯಿತು. ಕುತ್ತಿಗೆಗೆ ತೆಳುಬಟ್ಟೆ ಕಟ್ಟಿಕೊಂಡು ಮೈಕಕ್ಕ ಮನೆಗೆ ಬಂದಳು. ಬಾಯಿ ತೆರೆದರೆ ಗಾಳಿಯೂ ಸದ್ದು ಮಾಡುತ್ತಿರಲಿಲ್ಲ. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಳುವುದಕ್ಕೂ ಧ್ವನಿ ಬೇಕೆಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅತ್ತು ಮುಗಿಸಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸಕ್ಕೆ ಕುಳಿತಳು. ಬೆರಳಿನಲ್ಲಿ ಕಸುವಿರಲಿಲ್ಲವಾಗಿ ಮೈದುನ ಒತ್ತಡದ ಲೆಕ್ಕ ಬದಲಿಸಿ, ಮೆಲ್ಲಗೆ ಮುಟ್ಟಿದರೂ ಕೇಳುವಂತೆ ಮಾಡಿಕೊಟ್ಟ.

ಮೂರನೆಯ ವಾರ ಪಕ್ಕದ ಮನೆಯಾಕೆ ನೋಡಲು ಬಂದಳು. "ಸಾಕು ಬಿಡಕ್ಕ ದುಡಿದಿದ್ದು. ಇನ್ಮೇಲೆ ಆರಾಮಾಗಿ ಮನೇಲಿರ್ತೀಯ, ಅಲ್ವಾ?" ಎಂದು ಕೈ ಹಿಡಿದುಕೊಂಡಳು. ಮೈಕಕ್ಕನ ಬೆರಳು ಕೀಗಳ ಮೇಲೆ ಹುಡುಕಿತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗಿ ಬಂತು. ಬೇಕಾದ ಮಾತು ಇರಲಿಲ್ಲ. ಪಕ್ಕದ ಮನೆಯಾಕೆ ಆ ಮೌನವನ್ನು ಒಪ್ಪಿಗೆ ಎಂದುಕೊಂಡು, ಸಮಾಧಾನಪಟ್ಟುಕೊಂಡು ಹೋದಳು.

ನಲವತ್ತೊಂಬತ್ತು ಮಾತು ತುಂಬಿದ್ದಳು, ಮೂರು "ಆಯ್ತು" ತುಂಬಿದ್ದಳು. ಒಂದು "ಇಲ್ಲ" ತುಂಬಿರಲಿಲ್ಲ. ಇಪ್ಪತ್ತಾರು ವರ್ಷ ಸಾರ್ವಜನಿಕರಿಗೆ ದಯವಿಟ್ಟು ದಯವಿಟ್ಟು ಎಂದ ನಾಲಿಗೆ, ತನಗಾಗಿ ಮಾತು ಆರಿಸಿಕೊಳ್ಳುವಾಗಲೂ ಎದುರಿನವರಿಗೆ ಹಿತವಾಗುವುದನ್ನೇ ಆರಿಸಿತ್ತು. ಈಗ ಹೇಳೋಣವೆಂದರೆ ಧ್ವನಿಯೇ ಇಲ್ಲ. ಮೈಕಕ್ಕ ತನ್ನ ಹಣೆಗೆ ತಾನೇ ಹೊಡೆದುಕೊಂಡಳು. ಗಂಡ, ಮೈದುನ ಇಬ್ಬರೂ ಗಾಬರಿಯಾಗಿ ಬಂದಾಗ ಚೀಟಿಯ ಮೇಲೆ "ಇಲ್ಲ ಅನ್ನೋದನ್ನೇ ತುಂಬಿಲ್ಲ" ಎಂದು ದೊಡ್ಡದಾಗಿ ಬರೆದು ತೋರಿಸಿದಳು.

"ನಾನು ಬೇಕಾದ್ರೆ ಹೇಳಿ ಹಾಕ್ಲಾ, ಅತ್ತಿಗೆ?" ಎಂದ ಮೈದುನ.

ಅವಳು ಅವನನ್ನು ಹೇಗೆ ನೋಡಿದಳೆಂದರೆ ಅವನು ಮತ್ತೆ ಆ ಮಾತೆತ್ತಲಿಲ್ಲ. ಬದಿಯ ಗುಂಡಿ ಒತ್ತಿ ನಿಲ್ದಾಣದ ಸಾಲಿಗೆ ಹೋಗಿ ಒಂದು ಕೀ ಒತ್ತಿದಳು: "ಇವತ್ತು ಇಲ್ಲ." ಮತ್ತೊಮ್ಮೆ ಒತ್ತಿದಳು. ಆಮೇಲೆ ಕತ್ತರಿಯಂತೆ ಎರಡು ಬೆರಳಾಡಿಸಿದಳು. ಮೈದುನನಿಗೆ ಅರ್ಥವಾಯಿತು. ಪರದೆಯ ಮೇಲೆ ಆ ಮಾತು ಎರಡು ಗುಡ್ಡಗಳಾಗಿ ಕಾಣುತ್ತಿತ್ತು. ಮೊದಲನೆಯ ಗುಡ್ಡವನ್ನು ಬಿಟ್ಟು, ಎರಡನೆಯದರಿಂದ ಶುರುವಾಗುವ ಹಾಗೆ ಇನ್ನೊಂದು ಪ್ರತಿ ಮಾಡಿದ. ಮೂರು "ಆಯ್ತು"ಗಳಲ್ಲಿ ಒಂದನ್ನು ಕಿತ್ತು ಆ ಜಾಗಕ್ಕೆ ಅದನ್ನು ಕೂರಿಸಿದ. ಅದು ಮನೆಯ "ಇಲ್ಲ" ಆಗಿರಲಿಲ್ಲ. ಬಸ್ಸು ರದ್ದಾದಾಗ ಸಾವಿರ ಜನಕ್ಕೆ ಒಂದೇ ಸಲ ಹೇಳುವ, ಚೌಕಾಶಿಗೆ ಜಾಗವಿಲ್ಲದ "ಇಲ್ಲ". ಮೈಕಕ್ಕ ಅದನ್ನು ಹತ್ತು ಸಲ ಒತ್ತಿ ಕೇಳಿದಳು. ಸಾಕೆನಿಸಲಿಲ್ಲ.

ಆಪರೇಷನ್ ಆಗಿ ಎರಡು ತಿಂಗಳು ತುಂಬಿದ ದಿನ, ಕೀಬೋರ್ಡನ್ನು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಒಂದೂವರೆ ಗೇಣಿನ ಜಾಗದಲ್ಲಿ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕುಳಿತಿತು. ವೈರು ಚುಚ್ಚಿ, ಮೈದುನ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ ಮಾತುಗಳನ್ನು ಅಲ್ಲಿನ ಕಂಪ್ಯೂಟರಿಗೆ ತುಂಬಿ, ಅದರ ಧ್ವನಿಯನ್ನು ಸ್ಪೀಕರಿಗೆ ಸೇರಿಸಿ ಮುಗಿಸುವಷ್ಟರಲ್ಲಿ ಮ್ಯಾನೇಜರು ಕೈಯಲ್ಲೊಂದು ಹಾಳೆ ಹಿಡಿದು ಬಂದ.

"ಅರೆ, ಮೊದಲು ಇದಕ್ಕೊಂದು ಸಹಿ ಹಾಕಿಬಿಡಿ. ಸಾಮಾನು ಕೊಠಡಿಗೆ ಹೋಗೋದಕ್ಕೆ ನಿಮ್ಮ ಒಪ್ಪಿಗೆ ಇದೆ ಅಂತ. ಮೇಲಿನವರಿಗೆ ನಾನಾಗಲೇ ಹೇಳಿಬಿಟ್ಟಿದೀನಿ. ಒಪ್ಪಿಗೆ ಪತ್ರ ಇಲ್ದೆ ಅವರು ವರ್ಗ ಮಾಡಲ್ಲ ನೋಡಿ."

ಮೈಕಕ್ಕ ಒಂದು ನಿಮಿಷ ಇರಿ ಎಂದು ಕೈ ತೋರಿಸಿ, ಸ್ಪೀಕರಿನ ಗುಂಡಿ ಅದುಮಿದಳು. ಕೆಂಪು ದೀಪ ಹತ್ತಿತು. ಆ ದೀಪ ಹತ್ತಿದ್ದಷ್ಟು ಹೊತ್ತೂ ಮೈಕು ತೆರೆದಿರುತ್ತದೆ, ಆ ಕೋಣೆಯಲ್ಲಿ ಆಡಿದ್ದೆಲ್ಲ ನಿಲ್ದಾಣಕ್ಕೆ ಕೇಳುತ್ತದೆ. ಕಣ್ಣು ಕಿಟಕಿಯಾಚೆ ನೆಟ್ಟು, ಮೂರು ಕೀ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು. ಪ್ಲಾಟ್‌ಫಾರ್ಮ್ ನಾಲ್ಕು."

ಕೆಳಗೆ ಚಹಾ ಮಾರುವವನ ಕೈ ನಡುದಾರಿಯಲ್ಲಿ ನಿಂತಿತು. ಬಂದರಿನ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದ. ಮೈಕಕ್ಕನ ಎದೆ ಉಬ್ಬಿತು. ಉಬ್ಬಿದ ಸಂಭ್ರಮದಲ್ಲೇ ಕೈ ಜಾರಿ ಬದಿಯ ಗುಂಡಿಗೆ ಎರಡು ಸಲ ತಗುಲಿತು. "ಹೊರಡಲು ಸಿದ್ಧವಾಗಿದೆ" ಎಂದುಕೊಂಡು ಒತ್ತಿದ ಕೀ, ಆರು ಪ್ಲಾಟ್‌ಫಾರ್ಮುಗಳಿಗೂ ಕೇಳುವಂತೆ ಕರೆಯಿತು:

"ರೀ..."

ಅದು ಸಿಟ್ಟಿನ "ರೀ". ನಿಲ್ದಾಣದಲ್ಲಿದ್ದ ಮದುವೆಯಾದ ಗಂಡಸರೆಲ್ಲ ಒಟ್ಟಿಗೆ ಬೆಚ್ಚಿ ಹಿಂದೆ ತಿರುಗಿದರು. ಯಾರೋ ಕೈಯಲ್ಲಿದ್ದ ಬೀಡಿಯನ್ನು ಎಸೆದೇ ಬಿಟ್ಟ.

ಮ್ಯಾನೇಜರು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಮೈಕಕ್ಕನ ಕಿವಿ ಕೆಂಪಾಯಿತು. "ಆಟದ ಸಾಮಾನು ಮನೇಲಿರ್ಲಿ," ಎಂದು ಹಾಳೆಯನ್ನು ಕೀಬೋರ್ಡಿನ ಮೇಲೇ ಇಟ್ಟು, ಪೆನ್ನನ್ನು ಅವಳ ಬೆರಳಿನ ನಡುವೆ ತುರುಕಿದ. "ಸಹಿ ಆಮೇಲಾದ್ರೂ ಹಾಕಿ, ಅವಸರ ಏನಿಲ್ಲ. ನಿಮ್ಮ ಒಪ್ಪಿಗೆ ಇದೆ ಅಂತ ನಾನು ಬರೆದು ಕಳಿಸ್ತೀನಿ. ಇದೆ ತಾನೇ?" ಸ್ವಲ್ಪ ಹೊತ್ತು ಕಾದು, ತಾನೇ ತಲೆಯಾಡಿಸಿದ. "ಮೌನಂ ಸಮ್ಮತಿ ಲಕ್ಷಣಂ. ದೊಡ್ಡವರು ಸುಮ್ನೆ ಹೇಳಿಲ್ಲ."

ಮೈಕಕ್ಕ ಪೆನ್ನನ್ನು ಕೆಳಗಿಟ್ಟಳು. ಹಾಳೆಯ ಕೆಳಗೆ ಬೆರಳು ತೂರಿಸಿ, ಎರಡು ಕಪ್ಪು, ಮೂರು ಕಪ್ಪು ಎಂದು ದಾರಿ ಹುಡುಕಿಕೊಂಡು ಹೋಗಿ, ಮೈಯಲ್ಲಿ ಉಳಿದಿದ್ದ ಕಸುವನ್ನೆಲ್ಲ ಕೂಡಿಸಿ ಒಂದು ಕೀಯನ್ನು ಗುದ್ದಿದಳು.

"ಇಲ್ಲ."

ಕಡ್ಡಿ ಮುರಿದಂಥ ಆ ಮಾತು ಆರು ಪ್ಲಾಟ್‌ಫಾರ್ಮು, ಟಿಕೆಟಿನ ಸಾಲು, ಶೌಚಾಲಯ, ಮೇಲಿನ ಕಚೇರಿ ಎಲ್ಲವನ್ನೂ ದಾಟಿ ಎದುರಿನ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಮ್ಯಾನೇಜರು ಆಗ ಕೆಂಪು ದೀಪ ನೋಡಿದ. ತಾನು ಒಪ್ಪಿಗೆ ಕೇಳಿದ್ದೂ ಅದಕ್ಕೆ ಬಂದ ಉತ್ತರವೂ ಇಡೀ ನಿಲ್ದಾಣದ ಕಿವಿಗೆ ಬಿದ್ದಿದೆ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಳೆಯನ್ನು ಎಳೆದುಕೊಂಡು ಮಡಿಚಿದ. ಮತ್ತೆ ಮಡಿಚಿದ. ಕೊನೆಗೆ ಜೇಬಿಗಿಟ್ಟುಕೊಂಡ.

ಆದರೆ ಆ "ಇಲ್ಲ" ಕೆಳಗೆ ಬೇರೆಯದೇ ಗಲಿಬಿಲಿ ಎಬ್ಬಿಸಿತ್ತು. ಮ್ಯಾನೇಜರ ಮಾತು ಗದ್ದಲದಲ್ಲಿ ಕೇಳಿಸದ ಕೆಲವರು ಬಂದರಿನ ಬಸ್ಸೇ ಇಲ್ಲವೆಂದುಕೊಂಡು ಇಳಿಯತೊಡಗಿದ್ದರು. ಇಲ್ಲವಾಗುವ ಮುಂಚೆ ಹತ್ತಿಬಿಡೋಣವೆಂದು ಟ್ರಂಕು ಹೊತ್ತ ಹೆಂಗಸೊಬ್ಬಳು ಗೇಟಿನ ಕಡೆಯಿಂದ ಎದ್ದುಬಿದ್ದು ಓಡಿ ಬರುತ್ತಿದ್ದಳು. ಇತ್ತ ಬಸ್ಸು ಒಂದು ಸಲ ಗುರುಗುಟ್ಟಿ ಮುಂದಕ್ಕೆ ಜಗ್ಗಿತು. ಸಾಲು ಬದಲಿಸಲು ಸಮಯವಿರಲಿಲ್ಲ. ಮೈಕಕ್ಕನ ಕಿರುಬೆರಳು ತಾನಾಗಿಯೇ ಎಡತುದಿಗೆ ಹೋಯಿತು.

"ಓಡಬೇಡಿ, ಬಸ್ ನಿಂತಿರುತ್ತೆ."

ಹೆಂಗಸು ನಿಂತು ಉಸಿರೆಳೆದುಕೊಂಡಳು. ಬಸ್ಸೂ ನಿಂತಿತು. ಡ್ರೈವರು ಇಂಜಿನ್ ಆರಿಸಿ, ಕೆಳಗಿಳಿದು, ಅವಳ ಟ್ರಂಕಿಗೆ ತಾನೇ ಕೈ ಕೊಟ್ಟ. ಇಳಿದಿದ್ದವರೆಲ್ಲ ಮತ್ತೆ ಹತ್ತಿದರು. ಮೈಕಕ್ಕ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಮ್ಯಾನೇಜರು ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸಿದ. ಅವನಿಗೆ ಏನಾದರೊಂದು ಹೇಳಲೇಬೇಕಾಗಿತ್ತು.

"ಎರಡು ನಿಮಿಷ ತಡ ಆಯ್ತಲ್ರೀ!"

ಮೈಕಕ್ಕ ಮನೆಯ ಸಾಲಿನಲ್ಲೇ ಒಂದು ಕೀ ಹುಡುಕಿ, ಬಹಳ ಮೆಲ್ಲಗೆ ಮುಟ್ಟಿದಳು.

"ಹೌದು," ಎಂದಿತು ಅವಳ ಧ್ವನಿ.